ಎಷ್ಟು ಬೇಕಾದೀತೆಂದು ಗೊತ್ತಿಲ್ಲದಾಗ ಎಷ್ಟು ಇಡಬೇಕು?

ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್‌ಗಳ ಆಯಸ್ಸು ಬಲು ಕಡಿಮೆ. 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುತ್ತಾ ಕಾಪಾಡಿದರೂ ಸಾಮಾನ್ಯವಾಗಿ ಐದು ದಿನ. ಆಮೇಲೆ ಎಸೆಯಬೇಕು. ಇತ್ತ ಎಷ್ಟು ಬೇಕಾಗುತ್ತದೆ ಎಂಬುದು ಮುಂಚಿತವಾಗಿ ಯಾರಿಗೂ ತಿಳಿಯದು. ಒಂದು ವಾರ ಕೇಳುವವರಿರುವುದಿಲ್ಲ, ಮರುವಾರ ಇದ್ದದ್ದು ಸಾಲುವುದಿಲ್ಲ. ಹಾಗಾದರೆ ರಕ್ತನಿಧಿ ಎಷ್ಟು ಚೀಲ ಸಿದ್ಧವಾಗಿಡಬೇಕು?

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗಗಳಲ್ಲಿ ‘ಅನಿಶ್ಚಿತತೆಯ ನಡುವೆ ನಿರ್ಧಾರ’ ಎಂಬ ವಿಷಯದಲ್ಲಿ ಸಂಶೋಧನೆ ಮಾಡುವ ಪ್ರಾಧ್ಯಾಪಕರ ಕೆಲಸ ಏನೆಂದು ಕೇಳಿದರೆ, ಇಂಥ ಪ್ರಶ್ನೆಗೆ ಲೆಕ್ಕದ ಉತ್ತರ ಹುಡುಕುವುದು ಎನ್ನಬಹುದು. ಹೆಸರು ಕೇಳಿದವರು ಇದನ್ನು ಭವಿಷ್ಯ ಹೇಳುವ ವಿದ್ಯೆ ಎಂದುಕೊಳ್ಳುತ್ತಾರೆ. ಭವಿಷ್ಯ ಹೇಳಲಾಗದು ಎಂದು ಒಪ್ಪಿಕೊಂಡ ಮೇಲೆ ಶುರುವಾಗುವ ವಿದ್ಯೆ ಇದು. ಒಂದು ಪುಟ್ಟ ಲೆಕ್ಕ ಹಿಡಿದು ಹೊರಟರೆ ಈ ಕ್ಷೇತ್ರದ ಮುಕ್ಕಾಲು ಪಾಲು ತಿರುಗಿ ಬರಬಹುದು.

ಒಂದು ಸರದಿಗೆ ಬೇಕಾಗುವ ಚೀಲಗಳು 6, 8, 10, 12 ಅಥವಾ 14 ಎಂದುಕೊಳ್ಳೋಣ. ಐದಕ್ಕೂ ಸಮಾನ ಸಾಧ್ಯತೆ. ಒಂದು ಚೀಲ ಮಿಕ್ಕು ಹಾಳಾದರೆ ನಷ್ಟ 1 ಅಂಕ. ಒಂದು ಚೀಲ ಕಡಿಮೆ ಬಿದ್ದು, ತುರ್ತಾಗಿ ಬೇರೆಡೆಯಿಂದ ತರಿಸಬೇಕಾದರೆ ನಷ್ಟ 3 ಅಂಕ. ಸರಾಸರಿ ಬೇಡಿಕೆ 10. ಹಾಗಾಗಿ 10 ಇಡೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಬೇಡಿಕೆ 10 ಎಂದೇ ನಂಬಿ ಯೋಜನೆ ಹಾಕಿದರೆ ಕಾಗದದ ಮೇಲೆ ನಷ್ಟ ಸೊನ್ನೆ. ಎಸೆಯುವುದೂ ಇಲ್ಲ, ಕೊರತೆಯೂ ಇಲ್ಲ.

ಈಗ ಐದೂ ಸಾಧ್ಯತೆಗಳನ್ನು ಒಂದೊಂದಾಗಿ ಇಟ್ಟು ನೋಡಿ. 6 ಬೇಕಾದಾಗ 4 ಹಾಳು, ನಷ್ಟ 4. 8 ಬೇಕಾದಾಗ ನಷ್ಟ 2. 10 ಬೇಕಾದಾಗ ಏನೂ ಇಲ್ಲ. 12 ಬೇಕಾದಾಗ ಎರಡರ ಕೊರತೆ, ನಷ್ಟ 6. 14 ಬೇಕಾದಾಗ 12. ಕೂಡಿಸಿ ಐದರಿಂದ ಭಾಗಿಸಿದರೆ 4.8. ಕಾಗದ ಸೊನ್ನೆ ಎಂದದ್ದು ಅನುಭವದಲ್ಲಿ 4.8 ಆಯಿತು. ಸರಾಸರಿಯಲ್ಲೇನೂ ತಪ್ಪಿರಲಿಲ್ಲ. ಸರಾಸರಿ ಬೇಡಿಕೆಗೆ ತಗಲುವ ನಷ್ಟವೂ ಬೇಡಿಕೆಗಳಿಗೆ ತಗಲುವ ಸರಾಸರಿ ನಷ್ಟವೂ ಒಂದೇ ಎಂದು ತಿಳಿದದ್ದಷ್ಟೇ ತಪ್ಪು. ಎಷ್ಟೋ ದೊಡ್ಡ ಯೋಜನೆಗಳು ಮುಗ್ಗರಿಸುವುದು ಇದೇ ಕಲ್ಲಿಗೆ: ಪ್ರತಿ ಕಾಲಮ್ಮಿನಲ್ಲೂ ಒಂದೊಂದು ‘ಅಂದಾಜು’ ತುಂಬಿ, ಕೊನೆಗೆ ಬಂದ ಮೊತ್ತವನ್ನೂ ಅಂದಾಜೇ ಎಂದು ನಂಬುವುದು.

12 ಚೀಲ ಇಟ್ಟರೆ? ನಷ್ಟಗಳು ಕ್ರಮವಾಗಿ 6, 4, 2, 0, 6. ಸರಾಸರಿ 3.6. ಹದಿಮೂರಕ್ಕೆ 3.8, ಹದಿನಾಲ್ಕಕ್ಕೆ 4, ಹನ್ನೊಂದಕ್ಕೆ 4.2. ಹಾಗಾಗಿ 12 ಸರಿ. ಬೇಡಿಕೆಯ ಬಗ್ಗೆ ಹೊಸದಾಗಿ ಏನೂ ತಿಳಿದುಕೊಳ್ಳದೆ, ಇದ್ದ ತಿಳಿವಳಿಕೆಯನ್ನೇ ಬೇರೆ ರೀತಿ ಬಳಸಿದ್ದರಿಂದ ನಷ್ಟದ ಕಾಲು ಭಾಗ ಇಳಿಯಿತು.

ಇದಕ್ಕೊಂದು ಸೂತ್ರವಿದೆ. ಕೊರತೆಯ ನಷ್ಟವನ್ನು ಎರಡೂ ನಷ್ಟಗಳ ಮೊತ್ತದಿಂದ ಭಾಗಿಸಿ: ಇಲ್ಲಿ 3 ಭಾಗಿಸು 4, ಅಂದರೆ 0.75. ನೂರರಲ್ಲಿ ಕನಿಷ್ಠ 75 ಸಲ ಬೇಡಿಕೆಯನ್ನು ಪೂರೈಸಬಲ್ಲ ಅತಿ ಸಣ್ಣ ದಾಸ್ತಾನು ಯಾವುದೋ ಅದೇ ಉತ್ತರ. ಹತ್ತು ಇಟ್ಟರೆ 60 ಸಲ ಸಾಲುತ್ತದೆ, ಹನ್ನೆರಡು ಇಟ್ಟರೆ 80 ಸಲ. ಈ ಯೋಚನೆಯ ಬೇರು ಹಳೆಯದು. ಬ್ಯಾಂಕೊಂದು ಗ್ರಾಹಕರು ಕೇಳಿದಾಗ ಕೊಡಲು ಎಷ್ಟು ನಗದು ಇಟ್ಟುಕೊಂಡಿರಬೇಕು ಎಂದು ಅರ್ಥಶಾಸ್ತ್ರಜ್ಞ ಎಡ್ಜ್‌ವರ್ತ್ 1888ರಲ್ಲೇ ಸಂಭವನೀಯತೆಯ ಗಣಿತ ಹಚ್ಚಿ ನೋಡಿದ್ದರು.

ಇಲ್ಲೊಂದು ಆಕ್ಷೇಪ ಬಂದೇ ಬರುತ್ತದೆ. ರೋಗಿಗೆ ಸಿಗದ ಪ್ಲೇಟ್‌ಲೆಟ್ಟನ್ನೂ ಕಸಕ್ಕೆ ಹೋದ ಪ್ಲೇಟ್‌ಲೆಟ್ಟನ್ನೂ ಮೂರು-ಒಂದು ಎಂದು ತೂಗುವುದು ಎಂಥ ಮಾತು? ಆಕ್ಷೇಪ ನ್ಯಾಯವಾದದ್ದೇ. ಆದರೆ ಅಂಕ ಹೇಳಲೊಲ್ಲೆ ಎಂದವರೂ ದಾಸ್ತಾನಿನ ಮೂಲಕ ಅದನ್ನು ಹೇಳಿಯೇ ಇರುತ್ತಾರೆ. ಈ ರಕ್ತನಿಧಿಯಲ್ಲಿ ಸುಮ್ಮನೆ 10 ಇಡುವವರು, ಕೊರತೆ ಮತ್ತು ವ್ಯರ್ಥ ಎರಡೂ ಹೆಚ್ಚುಕಡಿಮೆ ಸಮ ಎಂದು ತೀರ್ಮಾನಿಸಿದಂತೆ. ತಾವು ಹಾಗೆ ತೀರ್ಮಾನಿಸಿದ್ದೇವೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ. ಮುಚ್ಚಿಟ್ಟ ತೂಕಕ್ಕಿಂತ ಮೇಜಿನ ಮೇಲಿಟ್ಟು ಜಗಳವಾಡಬಹುದಾದ ತೂಕ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ಮುನ್ಸೂಚನೆಯ ಬೆಲೆ. ಬೇಡಿಕೆ ಎಷ್ಟೆಂದು ಖಚಿತವಾಗಿ ಮೊದಲೇ ಹೇಳಿಬಿಡುವ ಸರ್ವಜ್ಞರೊಬ್ಬರು ಸಿಕ್ಕರೆ ನಷ್ಟ ಸೊನ್ನೆಯಾಗುತ್ತದೆ. ಅಂದರೆ ಅವರ ಮಾತಿಗೆ ಹೆಚ್ಚೆಂದರೆ 3.6 ಅಂಕ ಕೊಡಬಹುದು. ಅದಕ್ಕಿಂತ ಹೆಚ್ಚು ಕೇಳಿದರೆ ಸರ್ವಜ್ಞರೂ ದುಬಾರಿ. ಸ್ಟ್ಯಾನ್‌ಫರ್ಡ್‌ನ ರೊನಾಲ್ಡ್ ಹೊವರ್ಡ್ 1966ರಲ್ಲಿ ಮಾಹಿತಿಗೂ ಹೀಗೆ ಬೆಲೆ ಕಟ್ಟುವ ಕ್ರಮವನ್ನು ವಿವರಿಸಿದರು. ಇದರ ಸೊಗಸು ಇರುವುದು ಅರೆಬರೆ ಮಾಹಿತಿಗೂ ಬೆಲೆ ಕಟ್ಟಬಹುದು ಎಂಬಲ್ಲಿ. ವಾರ್ಡಿನಿಂದ ಬರೀ ಒಂದು ಸುಳಿವು ಬರುತ್ತದೆ ಎನ್ನಿ: ಈ ಸರದಿಯಲ್ಲಿ ಬೇಡಿಕೆ ‘ಹೆಚ್ಚು’ (12 ಅಥವಾ 14), ಇಲ್ಲವೇ ‘ಹೆಚ್ಚಲ್ಲ’ (6, 8, 10). ಹೆಚ್ಚು ಎಂದಾಗ 14 ಇಟ್ಟರೆ ಸರಾಸರಿ ನಷ್ಟ 1. ಹೆಚ್ಚಲ್ಲ ಎಂದಾಗ 10 ಇಟ್ಟರೆ ಸರಾಸರಿ ನಷ್ಟ 2. ಐದರಲ್ಲಿ ಎರಡು ಸಲ ಮೊದಲನೆಯದು, ಮೂರು ಸಲ ಎರಡನೆಯದು. ಒಟ್ಟು ಸರಾಸರಿ 1.6. ಹೌದು-ಅಲ್ಲ ಎಂಬಷ್ಟೇ ಮಾಹಿತಿ ನಷ್ಟದ ಅರ್ಧಕ್ಕಿಂತ ಹೆಚ್ಚನ್ನು ಇಳಿಸಿತು. ಉಳಿದ ನಿಖರತೆಗೆಲ್ಲ ಸೇರಿ ಮಿಕ್ಕಿರುವುದು 1.6 ಮಾತ್ರ. ಭಾರೀ ಮುನ್ಸೂಚನಾ ವ್ಯವಸ್ಥೆಯೊಂದನ್ನು ಕೊಳ್ಳುವ ಮುಂಚೆ ಯಾರಾದರೂ ಮಾಡಿ ನೋಡಬೇಕಾದ ಲೆಕ್ಕ ಇದು. ಹೆಚ್ಚಿನವರು ಮಾಡುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಸಲೀಸು, ಏಕೆಂದರೆ ‘ಐದಕ್ಕೂ ಸಮಾನ ಸಾಧ್ಯತೆ’ ಎಂದು ನಾನೇ ಹೇಳಿಬಿಟ್ಟಿದ್ದೆ. ನಿಜದ ರಕ್ತನಿಧಿಗೆ ಅದನ್ನು ಹೇಳುವವರು ಯಾರು? ಸಂಶೋಧನೆ ಕಷ್ಟವಾಗುವುದು ಇಲ್ಲಿಂದ.

ಸಾಧ್ಯತೆಗಳ ಪ್ರಮಾಣ ಗೊತ್ತಿರುವ ಅನಿಶ್ಚಿತತೆ ಬೇರೆ, ಪ್ರಮಾಣವೇ ಗೊತ್ತಿಲ್ಲದ ಅನಿಶ್ಚಿತತೆ ಬೇರೆ ಎಂದು ಫ್ರಾಂಕ್ ನೈಟ್ ಎಂಬ ಅರ್ಥಶಾಸ್ತ್ರಜ್ಞರು 1921ರಲ್ಲಿ ಗೆರೆ ಎಳೆದರು. ಮನುಷ್ಯರು ಈ ಎರಡನ್ನು ಎಷ್ಟು ಬೇರೆಯಾಗಿ ಕಾಣುತ್ತಾರೆ ಎಂಬುದಕ್ಕೆ 1961ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಒಂದು ಚೆಂದದ ಒಗಟು ಕೊಟ್ಟರು. (ಹತ್ತು ವರ್ಷದ ನಂತರ ಪೆಂಟಗನ್‌ನ ರಹಸ್ಯ ಕಡತಗಳನ್ನು ಪತ್ರಿಕೆಗಳಿಗೆ ಕೊಟ್ಟ ಎಲ್ಸ್‌ಬರ್ಗ್ ಇವರೇ.) ಪಾತ್ರೆಯಲ್ಲಿ 90 ಚೆಂಡುಗಳಿವೆ. 30 ಕೆಂಪು. ಉಳಿದ 60ರಲ್ಲಿ ಕಪ್ಪು ಎಷ್ಟು, ಹಳದಿ ಎಷ್ಟು ಗೊತ್ತಿಲ್ಲ. ಒಂದು ಚೆಂಡು ತೆಗೆಯುತ್ತೇವೆ. ಕೆಂಪು ಬಂದರೆ ಬಹುಮಾನವೋ, ಕಪ್ಪು ಬಂದರೆ ಬಹುಮಾನವೋ, ನಿಮ್ಮ ಆಯ್ಕೆ ಯಾವುದು? ಬಹುಪಾಲು ಜನ ಕೆಂಪು ಎನ್ನುತ್ತಾರೆ. ಈಗ ಎರಡನೆಯ ಪಂದ್ಯ: ‘ಕೆಂಪು ಅಥವಾ ಹಳದಿ’ಯೋ, ‘ಕಪ್ಪು ಅಥವಾ ಹಳದಿ’ಯೋ? ಬಹುಪಾಲು ಜನ ಎರಡನೆಯದನ್ನು ಹಿಡಿಯುತ್ತಾರೆ. ಮೊದಲ ಆಯ್ಕೆಯ ಪ್ರಕಾರ ಕಪ್ಪಿಗಿಂತ ಕೆಂಪು ಹೆಚ್ಚು ಸಂಭವ. ಎರಡನೆಯ ಆಯ್ಕೆಯ ಪ್ರಕಾರ ಕೆಂಪಿಗಿಂತ ಕಪ್ಪು ಹೆಚ್ಚು ಸಂಭವ, ಏಕೆಂದರೆ ಹಳದಿ ಎರಡೂ ಕಡೆ ಇದೆ. ಮನಸ್ಸಿನಲ್ಲಿ ಯಾವ ಸಂಭವನೀಯತೆ ಇಟ್ಟುಕೊಂಡರೂ ಈ ಎರಡು ಉತ್ತರಗಳು ಒಂದಕ್ಕೊಂದು ಕೂಡುವುದಿಲ್ಲ. ಜನ ಎರಡೂ ಸಲ ಆರಿಸಿಕೊಂಡದ್ದು ಪ್ರಮಾಣ ಗೊತ್ತಿರುವ ಪಂದ್ಯವನ್ನು.

ಇದನ್ನು ಮೂರ್ಖತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗೊತ್ತಿಲ್ಲದ್ದಕ್ಕೆ ಅಂಜುವುದಕ್ಕೂ ಒಂದು ಗಣಿತವಿದೆ. ಹರ್ಬರ್ಟ್ ಸ್ಕಾರ್ಫ್ 1958ರಲ್ಲಿ ಕೇಳಿದ ಪ್ರಶ್ನೆ ಹೀಗಿತ್ತು: ಬೇಡಿಕೆಯ ಸರಾಸರಿ ಮತ್ತು ಏರಿಳಿತದ ಪ್ರಮಾಣ, ಇವೆರಡು ಬಿಟ್ಟು ಮತ್ತೇನೂ ಗೊತ್ತಿಲ್ಲ. ಇವೆರಡಕ್ಕೆ ಹೊಂದುವ ಸಾಧ್ಯತಾ ಹಂಚಿಕೆಗಳು ಎಷ್ಟೋ ಇರಬಹುದು. ಅವುಗಳಲ್ಲಿ ನಮಗೆ ಅತ್ಯಂತ ಕೆಟ್ಟದ್ದೇ ಬಂದು ಕೂತರೂ ಸರಾಸರಿ ನಷ್ಟ ಆದಷ್ಟು ಕಡಿಮೆ ಇರುವಂತೆ ದಾಸ್ತಾನು ಇಡುವುದು ಹೇಗೆ? ಉತ್ತರ ಒಂದೇ ಸಾಲಿನ ಸೂತ್ರವಾಗಿ ಬಂತು. ನಮ್ಮ ಲೆಕ್ಕಕ್ಕೆ ಹಾಕಿದರೆ, ಸರಾಸರಿ 10, ಏರಿಳಿತದ ಪ್ರಮಾಣ (ಪ್ರಮಾಣ ವಿಚಲನೆ) ಸುಮಾರು 2.83, ನಷ್ಟಗಳ ಅನುಪಾತ 3, ಉತ್ತರ 11.63. ಐದು ಸಾಧ್ಯತೆಗಳ ವಿವರವನ್ನೆಲ್ಲ ಮರೆತು, ಎರಡೇ ಸಂಖ್ಯೆಗಳಿಂದ ಹನ್ನೆರಡರ ಹತ್ತಿರ ಬಂದು ನಿಂತೆವು. ಎಲ್ಲ ಸಂದರ್ಭದಲ್ಲೂ ಇಷ್ಟು ಹತ್ತಿರ ಬರುವುದಿಲ್ಲ, ನಿಜ. ಆದರೂ ಅಜ್ಞಾನಕ್ಕೆ ತೆರಬೇಕಾದ ದಂಡ ಅಂದುಕೊಂಡಷ್ಟು ದೊಡ್ಡದಿರಬೇಕಿಲ್ಲ ಎಂಬುದನ್ನು ಈ ಸೂತ್ರ ತೋರಿಸಿತು. ಸುಮಾರು ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ದಾರಿಗೆ ಮತ್ತೆ ಜೀವ ಬಂದು, ದೊಡ್ಡ ಕವಲಾಗಿ ಬೆಳೆದಿದೆ.

ಈಗ ಲೆಕ್ಕಕ್ಕೆ ಒಂದು ದುರ್ದಿನವನ್ನು ಸೇರಿಸೋಣ. ನೂರಕ್ಕೊಂದು ಸಲ ದೊಡ್ಡ ಅಪಘಾತವಾಗಿ 40 ಚೀಲ ಬೇಕಾಗುತ್ತದೆ. ಸರಾಸರಿ ನಷ್ಟ ನೋಡಿಕೊಳ್ಳುವವರಿಗೆ ಉತ್ತರ ಬದಲಾಗುವುದಿಲ್ಲ, ಆಗಲೂ 12. ‘ಏನೇ ಬರಲಿ, ಅತಿ ಕೆಟ್ಟ ದಿನದ ನಷ್ಟ ಕಡಿಮೆ ಇರಲಿ’ ಎನ್ನುವವರ ಉತ್ತರ ಮಾತ್ರ 32ಕ್ಕೆ ಜಿಗಿಯುತ್ತದೆ. ಸಾಮಾನ್ಯ ಸರದಿಗಳಲ್ಲಿ ಸರಾಸರಿ 22 ಚೀಲ ಕಸಕ್ಕೆ. ಮೂಗಿಗಿಂತ ಮೂಗುತಿ ಭಾರ. ಅತ್ತ 12 ಇಟ್ಟವರು ಆ ಒಂದು ದಿನ 28 ಚೀಲಕ್ಕೆ ಬಾಯಿ ಬಿಡುತ್ತಾರೆ. ಎರಡರ ನಡುವೆ ನಿಲ್ಲಲು ಒಂದು ಅಳತೆ ಬೇಕಿತ್ತು. ಅತಿ ಕೆಟ್ಟ 5 ಶೇಕಡ ಸಂದರ್ಭಗಳನ್ನು ಮಾತ್ರ ತೆಗೆದುಕೊಂಡು, ಅವುಗಳ ಸರಾಸರಿ ನಷ್ಟವನ್ನು ಇಳಿಸುವುದು ಅಂಥದೊಂದು ಅಳತೆ. ಹಣಕಾಸಿನವರು ಅದನ್ನು ಕಂಡಿಷನಲ್ ವ್ಯಾಲ್ಯೂ ಅಟ್ ರಿಸ್ಕ್ ಎನ್ನುತ್ತಾರೆ. ಟೆರ‍್ರಿ ರಾಕಫೆಲ್ಲರ್ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯದ ಸ್ಟಾನಿಸ್ಲಾವ್ ಉರ‍್ಯಾಸೆವ್ 2000ದಲ್ಲಿ ಇದನ್ನು, ರೇಖೀಯ ಮಿತಿಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ ಗಣಿತವಾದ ಸಾಧಾರಣ ಲೀನಿಯರ್ ಪ್ರೋಗ್ರಾಮಿಂಗ್‌ನಿಂದಲೇ ಬಿಡಿಸಬಹುದು ಎಂದು ತೋರಿಸಿದ ಮೇಲೆ ಅದು ಹಣಕಾಸು ದಾಟಿ ವಿದ್ಯುತ್ ಜಾಲ, ಸಾಗಣೆ, ಆಸ್ಪತ್ರೆಗಳವರೆಗೂ ಹೋಯಿತು.

ಆದರೆ ಅನುಭವಸ್ಥರು ಇಲ್ಲಿ ಬೇರೆಯೇ ಮಾತು ಕೇಳುತ್ತಾರೆ: ನೂರಕ್ಕೊಮ್ಮೆ ಬರುವುದಕ್ಕೆ ದಾಸ್ತಾನೇ ಏಕೆ ಉತ್ತರವಾಗಬೇಕು? ಪಕ್ಕದ ರಕ್ತನಿಧಿಯೊಡನೆ ಎರವಲಿನ ಒಪ್ಪಂದ ಮಾಡಿಕೊಂಡರೆ ಆಗದೇ? ಹೀಗೆ ಕೇಳಿದ ಕ್ಷಣ ಪ್ರಶ್ನೆಯ ಆಕಾರವೇ ಬದಲಾಗುತ್ತದೆ. ಇಂದು ಮಾಡಬೇಕಾದದ್ದು ಒಂದು, ಬೇಡಿಕೆ ಬಯಲಾದ ಮೇಲೆ ಸರಿಪಡಿಸಿಕೊಳ್ಳಲು ಮಾಡಬಹುದಾದದ್ದು ಇನ್ನೊಂದು. ಎರಡನೆಯ ಹೆಜ್ಜೆಗೆ ಎಷ್ಟು ದಾರಿಗಳು ತೆರೆದಿರುತ್ತವೆ ಎಂಬುದನ್ನು ಮೊದಲ ಹೆಜ್ಜೆಯೇ ನಿರ್ಧರಿಸುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು.

ಇದನ್ನು ಗಣಿತಕ್ಕೆ ತಂದವರು ಜಾರ್ಜ್ ಡಾಂಟ್ಸಿಗ್. 1947ರಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದು ಹೆಸರಾದವರು, ಮುಂದೆ ಬರ್ಕ್‌ಲಿಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದವರು. 1955ರಲ್ಲಿ ಅವರು ಅನಿಶ್ಚಿತತೆಯನ್ನು ಲೀನಿಯರ್ ಪ್ರೋಗ್ರಾಮಿಂಗ್‌ನ ಒಳಕ್ಕೇ ಸೇರಿಸುವ ಪ್ರಬಂಧ ಬರೆದರು. ಅದೇ ವರ್ಷ ಬ್ರಿಟನ್ನಿನಲ್ಲಿ ಮಾರ್ಟಿನ್ ಬೀಲ್ ಕೂಡ ಸ್ವತಂತ್ರವಾಗಿ ಅಲ್ಲಿಗೇ ಬಂದಿದ್ದರು. ಪ್ರಯಾಣಿಕರೆಷ್ಟು ಎಂದು ಗೊತ್ತಿಲ್ಲದಿರುವಾಗ ಯಾವ ಮಾರ್ಗಕ್ಕೆ ಯಾವ ವಿಮಾನ ಹಂಚಬೇಕು ಎಂಬುದು ಡಾಂಟ್ಸಿಗ್ ಅವರು ಅಲೆನ್ ಫರ್ಗ್ಯೂಸನ್ ಜೊತೆ ಬಿಡಿಸಿದ ಉದಾಹರಣೆ. ಸಿಂಪ್ಲೆಕ್ಸ್‌ನಿಂದ ಎಷ್ಟೇ ಕೀರ್ತಿ ಬಂದಿದ್ದರೂ, ಎಲ್ಲರೂ ದುಡಿಯಬೇಕಾದ ನಿಜವಾದ ಕ್ಷೇತ್ರ ಅನಿಶ್ಚಿತತೆಯ ನಡುವಿನ ಯೋಜನೆಯೇ ಎಂದು ಇಳಿವಯಸ್ಸಿನಲ್ಲೂ ಅವರು ಹೇಳುತ್ತಿದ್ದರು.

ತೊಡಕು ಬೇರೆ ಕಡೆಯಿಂದ ಬಂತು. ಒಂದು ರಕ್ತನಿಧಿಗೆ ಐದು ಸಾಧ್ಯತೆ. ಒಂದಕ್ಕೊಂದು ಎರವಲು ಕೊಡುವ ಹತ್ತು ರಕ್ತನಿಧಿಗಳಿದ್ದರೆ 97,65,625 ಸಾಧ್ಯತೆಗಳು. ಇದಿನ್ನೂ ಒಂದೇ ಸರದಿ. ಸರದಿಯ ಮೇಲೆ ಸರದಿ ಬಂದಂತೆ ಯಾವ ಕಂಪ್ಯೂಟರಿಗೂ ಎಣಿಸಿ ಮುಗಿಸಲಾಗದು. ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಇದನ್ನು ಆಯಾಮಗಳ ಶಾಪ ಎಂದು ಕರೆದರು. ಇದಕ್ಕೆ ಸಿಕ್ಕಿರುವ ಒಂದು ಮದ್ದು ಸ್ಯಾಂಪಲ್: ಕೋಟಿಗಟ್ಟಲೆ ಸಾಧ್ಯತೆಗಳಿಂದ ಕೆಲವು ನೂರನ್ನು ಯಾದೃಚ್ಛಿಕವಾಗಿ ಆರಿಸಿ, ಅವುಗಳ ಮೇಲೆ ಅತ್ಯುತ್ತಮ ನಿರ್ಧಾರ ಹುಡುಕುವುದು. ಸ್ಯಾಂಪಲ್ ನಾಲ್ಕು ಪಟ್ಟಾದರೆ ದೋಷ ಸುಮಾರು ಅರ್ಧಕ್ಕಿಳಿಯುತ್ತದೆ. ಜಾರ್ಜಿಯಾ ಟೆಕ್‌ನ ಅಲೆಕ್ಸಾಂಡರ್ ಶಪೀರೊ ಮುಂತಾದವರು ಇಂಥ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಗಟ್ಟಿ ಗಣಿತ ಕೊಟ್ಟಿದ್ದಾರೆ.

ನಂಬಿಕೆಯ ಪ್ರಶ್ನೆ ಎತ್ತಲು ಕಾರಣವಿದೆ. ಮೂರು ಯೋಜನೆಗಳಿವೆ, ಮೂರರ ನಿಜವಾದ ಲಾಭವೂ ಸೊನ್ನೆ ಎನ್ನಿ. ನಮ್ಮ ಅಂದಾಜುಗಳಲ್ಲಿ ಸಹಜವಾಗಿ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಇರುತ್ತದೆ. ನಾವು ಆರಿಸುವುದು ಅಂದಾಜಿನಲ್ಲಿ ಮೇಲೆ ಕಂಡದ್ದನ್ನು. ದೋಷಗಳು ನಾರ್ಮಲ್ ಹಂಚಿಕೆಯಂತಿದ್ದರೆ (ಸಣ್ಣವು ಹೆಚ್ಚು, ದೊಡ್ಡವು ವಿರಳ, ಎರಡೂ ಕಡೆ ಸಮ), ಆರಿಸಿದ ಯೋಜನೆಯ ಅಂದಾಜು ಸರಾಸರಿಯಾಗಿ 0.85 ಪ್ರಮಾಣ ವಿಚಲನೆಯಷ್ಟು ಉಬ್ಬಿರುತ್ತದೆ. ಯಾರೂ ಮೋಸ ಮಾಡಿಲ್ಲ, ಯಾವ ಅಂದಾಜಿನಲ್ಲೂ ಪಕ್ಷಪಾತವಿಲ್ಲ. ಆರಿಸುವ ಕ್ರಿಯೆಯೇ ಅದೃಷ್ಟದಿಂದ ಉಬ್ಬಿದ್ದನ್ನು ಹೆಕ್ಕಿ ತೆಗೆಯಿತು. ಜೇಮ್ಸ್ ಸ್ಮಿತ್ ಮತ್ತು ರಾಬರ್ಟ್ ವಿಂಕ್ಲರ್ 2006ರಲ್ಲಿ ಇದಕ್ಕೆ ಅತ್ಯುತ್ತಮವನ್ನು ಆರಿಸುವವರ ಶಾಪ ಎಂಬರ್ಥದ ಹೆಸರಿಟ್ಟರು. ಅಳೆದೂ ಸುರಿದೂ ಆರಿಸಿದ ಯೋಜನೆಗಳೇ ನಿರೀಕ್ಷೆಗಿಂತ ಸಪ್ಪೆಯಾಗುವುದೇಕೆ ಎಂದು ತಲೆ ಕೆರೆದುಕೊಳ್ಳುವವರಿಗೆ ಇದು ಅರ್ಧ ಉತ್ತರ.

ಅತ್ಯುತ್ತಮ ಉತ್ತರಗಳ ಮೇಲಿನ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು 2000ದಲ್ಲೇ ಬಿದ್ದಿತ್ತು. ಇಸ್ರೇಲಿನ ಟೆಕ್ನಿಯನ್‌ನ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದ ಅಹರೋನ್ ಬೆನ್-ಟಾಲ್ ಮತ್ತು ಅರ್ಕಾಡಿ ನೆಮಿರೋವ್‌ಸ್ಕಿ ಒಂದು ಸರಳ ಪರೀಕ್ಷೆ ಮಾಡಿದರು. ನೆಟ್‌ಲಿಬ್ ಎಂಬ ಹೆಸರಾಂತ ಸಂಗ್ರಹದಿಂದ 90 ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಗಳನ್ನು ತೆಗೆದುಕೊಂಡರು. ಅವುಗಳ ಅತ್ಯುತ್ತಮ ಉತ್ತರ ಹಾಗೇ ಇರಲಿ, ಒಳಗಿನ ಕೆಲವು ಅಂಕಿಗಳು ಶೇಕಡ 0.01ರಷ್ಟು ಅತ್ತಿತ್ತ ಆದರೆ ಏನಾಗುತ್ತದೆ ಎಂದು ನೋಡಿದರು. ಏಳೆಂಟು ಅಂಕೆಗಳವರೆಗೆ ಬರೆದಿದ್ದ ಆ ಸಂಖ್ಯೆಗಳನ್ನು ಯಾರೂ ಅಷ್ಟು ನಿಖರವಾಗಿ ಅಳೆದಿರಲು ಸಾಧ್ಯವೇ ಇರಲಿಲ್ಲ. ಹದಿಮೂರು ಸಮಸ್ಯೆಗಳಲ್ಲಿ ಉತ್ತರವು ಮೀರಬಾರದ ಮಿತಿಯನ್ನು ಶೇಕಡ 50ಕ್ಕಿಂತ ಹೆಚ್ಚು ಮೀರಬಹುದಿತ್ತು. ಮಿತಿಯ ಅಂಚಿನಲ್ಲೇ ಕೂತ ಉತ್ತರಕ್ಕೆ ಕೂದಲೆಳೆಯ ಅಲುಗಾಟವೂ ಸಾಕು. ಆಮೇಲೆ ಅವರು ಈ ಅಲುಗಾಟವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಅದೇ ಸಮಸ್ಯೆಗಳನ್ನು ಬಿಡಿಸಿದರು. ಸುರಕ್ಷಿತ ಉತ್ತರ ಸಿಕ್ಕಿತು. ಅದಕ್ಕಾಗಿ ಬಿಟ್ಟುಕೊಟ್ಟದ್ದು ಬಹುತೇಕ ಏನೂ ಇರಲಿಲ್ಲ.

ಈ ದಾರಿಯಲ್ಲಿ ಮೊದಲು, 1973ರಲ್ಲಿ, ನಡೆದ ಅಲನ್ ಸಾಯ್‌ಸ್ಟರ್ ಎಲ್ಲ ಅಂಕಿಗಳೂ ಒಟ್ಟಿಗೇ ಕೆಡುತ್ತವೆ ಎಂದು ಭಾವಿಸಿದ್ದರು. ಉತ್ತರಗಳು ವಿಪರೀತ ಅಂಜುಬುರುಕವಾಗಿದ್ದವು. ಇಪ್ಪತ್ತು ಅಂಕಿಗಳಲ್ಲಿ ಒಂದೇ ಹೊತ್ತಿಗೆ ಕೆಡುವುದು ಹೆಚ್ಚೆಂದರೆ ಐದೋ ಆರೋ ಎಂದು ಒಂದು ಮಿತಿ ಹಾಕಿಕೊಳ್ಳಬಹುದು, ಆ ಮಿತಿಯನ್ನು ಹಿಗ್ಗಿಸಿ ಕುಗ್ಗಿಸಿ ಎಚ್ಚರಿಕೆಗೆ ಎಷ್ಟು ಬೆಲೆ ಬೀಳುತ್ತದೆಂದು ನೋಡಬಹುದು ಎಂದು 2004ರಲ್ಲಿ ದಿಮಿಟ್ರಿಸ್ ಬರ್ಟ್‌ಸಿಮಸ್ ಮತ್ತು ಮೆಲ್ವಿನ್ ಸಿಮ್ ತೋರಿಸಿದರು.

ಇತ್ತೀಚಿನ ಕೆಲಸ ಮುನ್ಸೂಚನೆಯನ್ನೂ ನಿರ್ಧಾರವನ್ನೂ ಹೊಲಿದು ಒಂದು ಮಾಡುವುದು. ಸಾಮಾನ್ಯವಾಗಿ ಒಂದು ತಂಡ ಬೇಡಿಕೆಯನ್ನು ಊಹಿಸುತ್ತದೆ, ಇನ್ನೊಂದು ತಂಡ ಆ ಊಹೆ ಹಿಡಿದು ನಿರ್ಧರಿಸುತ್ತದೆ. ಮೊದಲ ತಂಡದ ಮಟ್ಟಿಗೆ ಎರಡು ಚೀಲ ಹೆಚ್ಚು ಹೇಳಿದ್ದೂ ಒಂದೇ, ಎರಡು ಚೀಲ ಕಡಿಮೆ ಹೇಳಿದ್ದೂ ಒಂದೇ. ರಕ್ತನಿಧಿಗೆ ಒಂದು ತಪ್ಪು ಇನ್ನೊಂದರ ಮೂರು ಪಟ್ಟು. ಆಡಮ್ ಎಲ್‌ಮಕ್‌ಟೂಬ್ ಮತ್ತು ಪಾಲ್ ಗ್ರಿಗಸ್ ಎಂಬ ಪ್ರಾಧ್ಯಾಪಕರ 2022ರ ಪ್ರಬಂಧ, ಊಹೆಯ ಮಾದರಿಗೆ ತರಬೇತಿ ಕೊಡುವಾಗಲೇ ಅದರಿಂದ ಹುಟ್ಟುವ ನಿರ್ಧಾರದ ನಷ್ಟವನ್ನು ಮುಂದಿಡುವ ಕ್ರಮವನ್ನು ಕಟ್ಟಿಕೊಡುತ್ತದೆ. ಹೀಗೆ ಕಲಿತ ಮಾದರಿ ಬರೀ ನಿಖರತೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ದಾಸ್ತಾನಿನ ಪರೀಕ್ಷೆಯಲ್ಲಿ ಮುಂದಿರಬಹುದು.

ಇಷ್ಟೆಲ್ಲ ಲೆಕ್ಕದಲ್ಲಿ ಒಂದು ಊಹೆ ಸದ್ದಿಲ್ಲದೆ ಕೂತಿದೆ: ನಾವು ಏನೇ ನಿರ್ಧರಿಸಿದರೂ ಬೇಡಿಕೆ ತನ್ನ ಪಾಡಿಗೆ ತಾನಿರುತ್ತದೆ ಎಂಬುದು. ಹಾಗೆ ಇರುವುದು ಅಪರೂಪ. ಕೊರತೆಯಿದೆ, ಕೇಳಿದ್ದರಲ್ಲಿ ಅರ್ಧವಷ್ಟೇ ಸಿಗುತ್ತದೆ ಎಂದು ಗೊತ್ತಾದರೆ ಕೇಳುವವರು ಎರಡರಷ್ಟು ಬರೆದು ಕಳಿಸುತ್ತಾರೆ. ಸರಬರಾಜು ಸರಪಳಿಯಲ್ಲಿ ಬೇಡಿಕೆಯ ಅಂಕಿಗಳು ಉಬ್ಬಿ ಬರಲು ಇದೂ ಒಂದು ಕಾರಣ ಎಂದು ಹಾವ್ ಲೀ ಮತ್ತು ಸಂಗಡಿಗರು 1997ರಲ್ಲೇ ವಿವರಿಸಿದ್ದರು. ಆಗ ಹಳೆಯ ದಾಖಲೆಯಿಂದ ಕಲಿತ ಸಂಭವನೀಯತೆ ಜನರ ಅಗತ್ಯವನ್ನು ಹೇಳುವುದಿಲ್ಲ, ನಮ್ಮದೇ ಹಿಂದಿನ ದಾಸ್ತಾನು ನೀತಿಗೆ ಅವರು ಕೊಟ್ಟ ಪ್ರತಿಕ್ರಿಯೆಯನ್ನು ಹೇಳುತ್ತದೆ. ನೀತಿ ಬದಲಿಸಿದರೆ ಅಂಕಿಗಳೂ ಬದಲಾಗುತ್ತವೆ, ಎಷ್ಟು ಎಂಬುದು ಬದಲಿಸಿ ನೋಡುವವರೆಗೆ ತಿಳಿಯದು. ನಿರ್ಧಾರವೇ ಅನಿಶ್ಚಿತತೆಯನ್ನು ತಿದ್ದುವ ಇಂಥ ಸಮಸ್ಯೆಗಳಿಗೆ ಮಾದರಿಗಳು ಇವೆ. ಹನ್ನೆರಡು ಚೀಲದ ಲೆಕ್ಕದಷ್ಟು ಸಲೀಸಾಗಿ ಬಿಡಿಸಬಲ್ಲವು ಮಾತ್ರ ಬಹಳ ಕಡಿಮೆ.